ಸಿಕ್ಸ್ ಪ್ಯಾಕ್: ವ್ಯಾಯಾಮದ ಪಟ್ಟಿಯ ಜೊತೆಗೆ ಪೂರ್ತಿ ಲೆಕ್ಕವನ್ನೂ ಪ್ರಕಟಿಸಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಆರೋಗ್ಯ ಪುರವಣಿಯಲ್ಲಿ ಈಚೆಗೆ ಪ್ರಕಟವಾದ, ಮೂವತ್ತು ದಿನಗಳಲ್ಲಿ ಸಿಕ್ಸ್ ಪ್ಯಾಕ್ ಪಡೆಯುವ ಬಗೆಯನ್ನು ಹೇಳುವ ಲೇಖನವನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ಲೇಖನದಲ್ಲಿ ಚಿತ್ರಸಹಿತ ವಿವರಿಸಿರುವ ವ್ಯಾಯಾಮಗಳಲ್ಲಿ ದೋಷವೇನೂ ಇಲ್ಲ; ಅವುಗಳನ್ನು ಕ್ರಮವಾಗಿ ಮಾಡಿದವರ ಹೊಟ್ಟೆಯ ಸ್ನಾಯುಗಳು ಬಲಗೊಳ್ಳುವುದು ನಿಶ್ಚಿತ. ಆದರೆ ಬಲಗೊಂಡ ಸ್ನಾಯು ಕನ್ನಡಿಯಲ್ಲಿ ಕಾಣಿಸಬೇಕಾದರೆ ಇನ್ನೇನು ಆಗಬೇಕು, ಕಾಣಿಸಿದ್ದನ್ನು ವರ್ಷಾನುಗಟ್ಟಲೆ ಉಳಿಸಿಕೊಳ್ಳಬೇಕಾದರೆ ಏನನ್ನು ಬಿಟ್ಟುಕೊಡಬೇಕು ಎಂಬ ಎರಡು ಪ್ರಶ್ನೆಗಳನ್ನು ಲೇಖನ ಮುಟ್ಟಿಯೇ ಇಲ್ಲ. ದೈಹಿಕ ಶಿಕ್ಷಣ ಬೋಧಕನಾಗಿ ಬಹುಕಾಲ ಕೆಲಸ ಮಾಡಿದ ನಾನು, ಇಂಥ ಲೇಖನಗಳನ್ನು ನಂಬಿ ದಿನವೂ ನೂರಾರು ಕ್ರಂಚ್ (ಅಂಗಾತ ಮಲಗಿ ತಲೆ, ಭುಜಗಳನ್ನು ಮೇಲೆತ್ತುವ ವ್ಯಾಯಾಮ) ಹೊಡೆದು, ತಿಂಗಳ ಕೊನೆಗೆ ಏನೂ ಕಾಣದೆ ತಮ್ಮ ದೇಹದಲ್ಲೇ ಏನೋ ಕೊರತೆಯಿದೆ ಎಂದು ಕುಗ್ಗಿಹೋದ ಹುಡುಗರನ್ನು ಸಾಕಷ್ಟು ನೋಡಿದ್ದೇನೆ. ಕೊರತೆ ಇದ್ದದ್ದು ಅವರ ಕೈಗೆ ಸಿಕ್ಕ ಮಾಹಿತಿಯಲ್ಲಿ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಲು ಅವಕಾಶ ಕೋರುತ್ತೇನೆ.

ಸಿಕ್ಸ್ ಪ್ಯಾಕ್ ಎಂದು ನಾವು ಕರೆಯುವುದು ರೆಕ್ಟಸ್ ಅಬ್ಡಾಮಿನಿಸ್ ಎಂಬ ಜೋಡಿ ಸ್ನಾಯುವನ್ನು. ಇದು ಎದೆಗೂಡಿನ ಕೆಳಭಾಗದಿಂದ, ಅಂದರೆ ಐದರಿಂದ ಏಳನೆಯ ಪಕ್ಕೆಲುಬುಗಳ ಮೃದ್ವಸ್ಥಿಯಿಂದ ಹಿಡಿದು, ಕೆಳಗೆ ಕಿಬ್ಬೊಟ್ಟೆಯ ಎಲುಬಿನವರೆಗೆ ನೇರವಾಗಿ ಇಳಿಯುತ್ತದೆ. ಎಡ ಬಲ ಭಾಗಗಳ ನಡುವೆ ಬಿಳಿಯ ಪಟ್ಟಿಯಂಥ ಬಿಗಿಯಾದ ಅಂಗಾಂಶವಿದ್ದು, ಅಡ್ಡಲಾಗಿ ಸಾಮಾನ್ಯವಾಗಿ ಮೂರು ಸ್ನಾಯುರಜ್ಜುವಿನ ಗೆರೆಗಳು ಹಾದುಹೋಗುತ್ತವೆ. ಈ ಗೆರೆಗಳ ನಡುವಿನ ಸ್ನಾಯು ಉಬ್ಬಿದಾಗಲೇ ಚೌಕಗಳು ಮೂಡುವುದು. ಗೆರೆಗಳ ಸಂಖ್ಯೆ, ಅವು ಎರಡೂ ಕಡೆ ಒಂದೇ ಮಟ್ಟದಲ್ಲಿವೆಯೋ ಓರೆಕೋರೆಯಾಗಿವೆಯೋ ಎಂಬುದು ಹುಟ್ಟಿನಿಂದಲೇ ನಿರ್ಧಾರವಾಗಿರುತ್ತದೆ. ಕೆಲವರಿಗೆ ನಾಲ್ಕು ಚೌಕಗಳು ಮಾತ್ರ ಕಾಣುತ್ತವೆ, ಕೆಲವರಿಗೆ ಎಂಟು. ನಾಲ್ಕಿರುವವರು ಯಾವ ತರಬೇತುದಾರರ ಬಳಿಗೆ ಹೋದರೂ ಅದನ್ನು ಎಂಟು ಮಾಡಿಕೊಳ್ಳಲಾರರು. ‘ಎಂಟು ಪ್ಯಾಕ್‌ಗೆ ವಿಶೇಷ ವ್ಯಾಯಾಮ’ ಎಂಬ ಶೀರ್ಷಿಕೆ ಎಲ್ಲಿಯಾದರೂ ಕಂಡರೆ ಮುಂದಿನ ಸಾಲನ್ನು ಓದುವ ಅಗತ್ಯವೇ ಇಲ್ಲ.

ಈ ಸ್ನಾಯು ಎಲ್ಲರಲ್ಲಿಯೂ ಇದೆ. ನಾವು ಕೆಮ್ಮುವಾಗ, ಮಲಗಿದಲ್ಲಿಂದ ಏಳುವಾಗ, ಭಾರ ಎತ್ತುವಾಗ ಅದು ಕೆಲಸ ಮಾಡುತ್ತಲೇ ಇರುತ್ತದೆ. ಅದು ಕಾಣದಿರುವುದಕ್ಕೆ ಕಾರಣ ಅದರ ಮೇಲೆ, ಚರ್ಮದ ಕೆಳಗೆ ಹರಡಿಕೊಂಡಿರುವ ಕೊಬ್ಬಿನ ಪದರ. ಈ ಪದರವನ್ನು ಹೊಟ್ಟೆಯ ವ್ಯಾಯಾಮದಿಂದಲೇ ಕರಗಿಸಬಹುದೆಂಬ ನಂಬಿಕೆ ಎಷ್ಟು ಗಟ್ಟಿಯಾಗಿದೆಯೆಂದರೆ, ಅದನ್ನು ವಿಜ್ಞಾನಿಗಳು ಮತ್ತೆ ಮತ್ತೆ ಪರೀಕ್ಷಿಸಬೇಕಾಯಿತು. 1971ರಲ್ಲಿ ಟೆನಿಸ್ ಆಟಗಾರರ ಎರಡೂ ತೋಳುಗಳನ್ನು ಅಳೆದು ನೋಡಲಾಯಿತು. ವರ್ಷಗಟ್ಟಲೆ ರ‍್ಯಾಕೆಟ್ ಬೀಸಿದ ತೋಳಿನ ಸುತ್ತಳತೆ ಹೆಚ್ಚಿತ್ತು; ಆದರೆ ಅದರ ಚರ್ಮದಡಿಯ ಕೊಬ್ಬಿನ ದಪ್ಪ ಇನ್ನೊಂದು ತೋಳಿನಷ್ಟೇ ಇತ್ತು. 1984ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ಕೆಲವು ಪುರುಷರಿಂದ 27 ದಿನಗಳಲ್ಲಿ ತಲಾ ಐದು ಸಾವಿರಕ್ಕೂ ಹೆಚ್ಚು ಸಿಟ್-ಅಪ್ ಮಾಡಿಸಿ, ಹೊಟ್ಟೆ, ಬೆನ್ನು, ಪೃಷ್ಠಗಳಿಂದ ಕೊಬ್ಬಿನ ಕೋಶಗಳನ್ನು ತೆಗೆದು ಹೋಲಿಸಿದರು. ಕೋಶಗಳು ಮೂರೂ ಕಡೆ ಸುಮಾರಾಗಿ ಒಂದೇ ರೀತಿ ಕುಗ್ಗಿದ್ದವು. ಅಷ್ಟೆಲ್ಲ ದುಡಿದ ಹೊಟ್ಟೆಗೆ ವಿಶೇಷ ಲಾಭವೇನೂ ದೊರಕಿರಲಿಲ್ಲ. ಈಚಿನ ಒಂದೆರಡು ಸಣ್ಣ ಅಧ್ಯಯನಗಳು ಕೆಲಸ ಮಾಡಿದ ಭಾಗದಲ್ಲಿ ತುಸು ಹೆಚ್ಚು ಕೊಬ್ಬು ಕರಗಬಹುದೆಂದು ಸೂಚಿಸಿರುವುದು ನಿಜ. ಆದರೆ ಆ ವ್ಯತ್ಯಾಸ ಮುಚ್ಚಿದ ಸ್ನಾಯುವನ್ನು ಹೊರಗೆ ತೋರಿಸುವಷ್ಟು ದೊಡ್ಡದಲ್ಲ.

ಕಾರಣವನ್ನು ತಿಳಿಯುವುದು ಕಷ್ಟವೇನಲ್ಲ. ದೇಹಕ್ಕೆ ಶಕ್ತಿಯ ಕೊರತೆ ಬಿದ್ದಾಗ ಕೊಬ್ಬಿನ ಕೋಶಗಳು ತಮ್ಮಲ್ಲಿರುವ ಸಂಗ್ರಹವನ್ನು ಒಡೆದು ರಕ್ತಕ್ಕೆ ಬಿಡುತ್ತವೆ, ಅದು ಬೇಕಾದ ಅಂಗಕ್ಕೆ ಹೋಗಿ ಉರಿಯುತ್ತದೆ. ಯಾವ ಭಾಗದ ಕೋಶ ಎಷ್ಟು ಬಿಡಬೇಕೆಂಬುದನ್ನು ಹಾರ್ಮೋನುಗಳು ಮತ್ತು ಆ ಕೋಶಗಳ ಮೇಲಿದ್ದು ಹಾರ್ಮೋನಿನ ಸಂದೇಶವನ್ನು ಹಿಡಿಯುವ ಗ್ರಾಹಕಗಳು ತೀರ್ಮಾನಿಸುತ್ತವೆ. ಪಕ್ಕದ ಸ್ನಾಯು ದಣಿದಿದೆಯೇ ಇಲ್ಲವೇ ಎಂಬುದು ಅಲ್ಲಿ ಹೆಚ್ಚಿನ ಮಾತಲ್ಲ. ಹೀಗೆ ಕರಗಿದ ಕೊಬ್ಬು ಬೆವರಾಗಿ ಹೋಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ವಾಸ್ತವದಲ್ಲಿ 10 ಕಿಲೊ ಕೊಬ್ಬು ಪೂರ್ತಿ ಉರಿದರೆ ಅದರಲ್ಲಿ 8.4 ಕಿಲೊ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನ ಮೂಲಕ ಹೊರಹೋಗುತ್ತದೆ, ಉಳಿದ 1.6 ಕಿಲೊ ಮಾತ್ರ ನೀರಾಗುತ್ತದೆ. ಹೊಟ್ಟೆಗೆ ಪ್ಲಾಸ್ಟಿಕ್ ಸುತ್ತಿಕೊಂಡು ಓಡುವವರು ಕಳೆದುಕೊಳ್ಳುವುದು ನೀರನ್ನು. ಒಂದೆರಡು ಲೋಟ ಕುಡಿದರೆ ಅದು ಮರಳಿ ಬರುತ್ತದೆ.

ಈಗ ಮೂವತ್ತು ದಿನಗಳ ಲೆಕ್ಕಕ್ಕೆ ಬರೋಣ. ಪುರುಷರಲ್ಲಿ ಹೊಟ್ಟೆಯ ಚೌಕಗಳು ಸ್ಪಷ್ಟವಾಗಿ ಕಾಣುವುದು ದೇಹದ ಕೊಬ್ಬಿನ ಪ್ರಮಾಣ ಸುಮಾರು ಶೇ 10ರಿಂದ 12ಕ್ಕೆ ಇಳಿದಾಗ. ಮಹಿಳೆಯರಲ್ಲಿ ಸುಮಾರು ಶೇ 16ರಿಂದ 20ರ ನಡುವೆ. ವ್ಯಕ್ತಿಯಿಂದ ವ್ಯಕ್ತಿಗೆ ಇದು ಬದಲಾಗುತ್ತದೆ, ಏಕೆಂದರೆ ಕೊಬ್ಬನ್ನು ಎಲ್ಲಿ ಶೇಖರಿಸಬೇಕೆಂಬುದರಲ್ಲಿ ಎಲ್ಲ ದೇಹಗಳೂ ಒಂದೇ ತೆರನಾಗಿಲ್ಲ. 80 ಕಿಲೊ ತೂಗುವ, ಶೇ 20 ಕೊಬ್ಬಿರುವ ಯುವಕನೊಬ್ಬನನ್ನು ತೆಗೆದುಕೊಳ್ಳಿ. ಅವನ ಮೈಯಲ್ಲಿ 16 ಕಿಲೊ ಕೊಬ್ಬಿದೆ, ಉಳಿದದ್ದು 64 ಕಿಲೊ. ಆ 64ರಲ್ಲಿ ಒಂದು ಗ್ರಾಂ ಕೂಡ ಕಳೆದುಕೊಳ್ಳದೆ ಅವನು ಶೇ 11ಕ್ಕೆ ಇಳಿಯಬೇಕಾದರೆ ಸುಮಾರು 8 ಕಿಲೊ ಕೊಬ್ಬು ಹೋಗಬೇಕು. ಒಂದು ಕಿಲೊ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿದೆ. ದಿನಕ್ಕೆ 500 ಕ್ಯಾಲೊರಿಯ ಕೊರತೆ, ಅಂದರೆ ತಡೆದುಕೊಳ್ಳಬಹುದಾದ ಕೊರತೆ, ವಾರಕ್ಕೆ ಅರ್ಧ ಕಿಲೊಗಿಂತ ತುಸು ಕಡಿಮೆ ಕೊಬ್ಬನ್ನು ಇಳಿಸುತ್ತದೆ. ಅಲ್ಲಿಗೆ ನಾಲ್ಕು ತಿಂಗಳಾಯಿತು. ತೂಕ ಇಳಿದಂತೆ ದೇಹವೂ ತನ್ನ ಖರ್ಚನ್ನು ತಗ್ಗಿಸುವುದರಿಂದ ಐದು ಆರು ತಿಂಗಳೆಂದು ಹಿಡಿಯುವುದು ಲೇಸು. ಇದನ್ನೇ ಮೂವತ್ತು ದಿನಕ್ಕೆ ತುರುಕಬೇಕಾದರೆ ದಿನಕ್ಕೆ 2,000 ಕ್ಯಾಲೊರಿಗೂ ಮಿಕ್ಕ ಕೊರತೆ ಬೇಕು; ಅಂದರೆ ಅವನು ಬಹುಪಾಲು ಉಪವಾಸವೇ ಇರಬೇಕು, ಮತ್ತು ಆ ಉಪವಾಸದಲ್ಲಿ ತೋರಿಸಬೇಕೆಂದುಕೊಂಡ ಸ್ನಾಯುವೂ ಸೊರಗುತ್ತದೆ. ನಿಮ್ಮ ಲೇಖನದ ಮೂವತ್ತು ದಿನ ನಿಜವಾಗುವುದು ಆಗಲೇ ಶೇ 13 ಅಥವಾ 14ರಲ್ಲಿ ಇರುವವನಿಗೆ ಮಾತ್ರ. ಅಂಥವನು ಲೇಖನ ಓದುವ ಗೋಜಿಗೆ ಹೋಗುವುದಿಲ್ಲ.

ಹಾಗಾದರೆ ಆ ಆರು ತಿಂಗಳು ಏನು ಮಾಡಬೇಕು? ಖರ್ಚಿಗಿಂತ ಮಿತವಾಗಿ ಕಡಿಮೆ ತಿನ್ನಬೇಕು, ವಾರಕ್ಕೆ ದೇಹತೂಕದ ಶೇ 0.5ರಿಂದ 1ಕ್ಕಿಂತ ವೇಗವಾಗಿ ಇಳಿಯಬಾರದು. ದೇಹತೂಕದ ಪ್ರತಿ ಕಿಲೊಗೆ ದಿನಕ್ಕೆ 1.6ರಿಂದ 2.2 ಗ್ರಾಂ ಪ್ರೋಟೀನ್ ತೆಗೆದುಕೊಳ್ಳಬೇಕು. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಇಡೀ ದೇಹಕ್ಕೆ ಭಾರದ ವ್ಯಾಯಾಮ ಮಾಡಬೇಕು, ಏಕೆಂದರೆ ಸ್ನಾಯುವನ್ನು ಬಳಸುತ್ತಿದ್ದೇವೆ ಎಂಬ ಸೂಚನೆ ಸಿಗದಿದ್ದರೆ ದೇಹ ಕೊರತೆಯ ಕಾಲದಲ್ಲಿ ಅದನ್ನೂ ಕರಗಿಸುತ್ತದೆ. ಮದ್ಯದ ಪ್ರತಿ ಗ್ರಾಂಗೆ 7 ಕ್ಯಾಲೊರಿ ಇದೆ ಎಂಬುದನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ನಿದ್ರೆಯ ವಿಷಯವನ್ನು ಇಂಥ ಲೇಖನಗಳು ಕೊನೆಯ ಸಾಲಿನಲ್ಲಿ ಶಿಷ್ಟಾಚಾರಕ್ಕೆಂಬಂತೆ ಹೇಳಿ ಮುಗಿಸುತ್ತವೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೆಚ್ಚು ತೂಕದ ಹತ್ತು ಮಂದಿಗೆ ಒಂದೇ ಪ್ರಮಾಣದ ಮಿತಾಹಾರ ಕೊಟ್ಟು, ಎರಡು ವಾರ ಎಂಟೂವರೆ ಗಂಟೆ, ಇನ್ನೆರಡು ವಾರ ಐದೂವರೆ ಗಂಟೆ ಮಲಗಲು ಅವಕಾಶ ಕೊಡಲಾಯಿತು. ಇಳಿದ ತೂಕ ಎರಡೂ ಸಲ ಹೆಚ್ಚುಕಡಿಮೆ ಒಂದೇ. ಆದರೆ ನಿದ್ರೆಗೆಟ್ಟ ವಾರಗಳಲ್ಲಿ ಕರಗಿದ ಕೊಬ್ಬು ಅರ್ಧಕ್ಕಿಂತ ಕಡಿಮೆಯಾಗಿತ್ತು, ಉಳಿದ ಇಳಿಕೆಯೆಲ್ಲ ಸ್ನಾಯು ಮೊದಲಾದ ಕೊಬ್ಬೇತರ ಭಾಗದ್ದು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಜಿಮ್‌ಗೆ ಓಡುವ, ರಾತ್ರಿ ಹನ್ನೆರಡರವರೆಗೆ ಮೊಬೈಲ್ ನೋಡುವ ಹುಡುಗರಿಗೆ ಇದೊಂದು ಸಂಗತಿ ತಿಳಿದಿದ್ದರೆ ಸಾಕಷ್ಟು ಶ್ರಮ ಉಳಿಯುತ್ತದೆ.

ಇನ್ನು ಹೊಟ್ಟೆಯ ವ್ಯಾಯಾಮ. ಅದು ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಕೊಬ್ಬಿನ ಪದರ ತೆಳುವಾದಾಗ ಕೆಳಗಿನ ಸ್ನಾಯು ದಪ್ಪಗಿದ್ದರೆ ಚೌಕಗಳು ಬೇಗ ಕಾಣುತ್ತವೆ, ತುಸು ಹೆಚ್ಚು ಕೊಬ್ಬಿದ್ದರೂ ಕಾಣುತ್ತವೆ. ಆದರೆ ತೋಳು ತೊಡೆಗಳ ಸ್ನಾಯುವಿಗೆ ಅನ್ವಯಿಸುವ ನಿಯಮವೇ ಇದಕ್ಕೂ ಅನ್ವಯಿಸುತ್ತದೆ: ಭಾರ ಕ್ರಮೇಣ ಹೆಚ್ಚಬೇಕು, ನಡುವೆ ವಿಶ್ರಾಂತಿ ಸಿಗಬೇಕು. ದಿನವೂ ಇನ್ನೂರು ಸಲ ಸುಲಭವಾಗಿ ಎದ್ದು ಮಲಗುವುದಕ್ಕಿಂತ, ವಾರಕ್ಕೆ ಎರಡು ಮೂರು ದಿನ, ಹತ್ತು ಹದಿನೈದು ಸಲಕ್ಕೇ ಸೋಲುವಷ್ಟು ಕಠಿಣವಾದ ಕೇಬಲ್ ಕ್ರಂಚನ್ನೋ (ಯಂತ್ರದ ಭಾರವನ್ನು ತಂತಿಯಿಂದ ಎಳೆಯುತ್ತ ಹೊಟ್ಟೆ ಮಡಿಸುವುದು) ಕಂಬಿಗೆ ಜೋತು ಕಾಲೆತ್ತುವುದನ್ನೋ ಮಾಡುವುದು ಹೆಚ್ಚು ಫಲಕಾರಿ. ಕಾಲೆತ್ತುವಾಗ ಸೊಂಟದ ಕೆಳಭಾಗ ಮೇಲಕ್ಕೆ ಸುರುಳಿಯಾಗದೆ ಬರಿಯ ಕಾಲು ಮಾತ್ರ ಮೇಲೇರುತ್ತಿದ್ದರೆ ಕೆಲಸವನ್ನೆಲ್ಲ ತೊಡೆಸಂದಿನ ಸ್ನಾಯುಗಳು ಮಾಡುತ್ತಿರುತ್ತವೆ. ಜಿಮ್‌ಗಳಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು ಇದೇ. ಮೊಣಕೈ ಮತ್ತು ಕಾಲ್ಬೆರಳುಗಳ ಮೇಲೆ ದೇಹವನ್ನು ನೆಟ್ಟಗೆ ಹಿಡಿದು ನಿಲ್ಲುವ ಪ್ಲ್ಯಾಂಕ್ ಒಳ್ಳೆಯದು. ಆದರೆ ಎರಡು ನಿಮಿಷ ನಿಲ್ಲಬಲ್ಲವನು ಐದು ನಿಮಿಷ ನಿಂತರೆ ಹೆಚ್ಚುವುದು ಸಹನೆ, ಸ್ನಾಯುವಿನ ಗಾತ್ರವಲ್ಲ. ಹೆರಿಗೆಯ ನಂತರ ಹೊಟ್ಟೆಯ ನಡುಪಟ್ಟಿ ಅಗಲಗೊಂಡಿರುವ ಮಹಿಳೆಯರು ಫಿಸಿಯೋಥೆರಪಿಸ್ಟರ ಸಲಹೆಯಿಲ್ಲದೆ ಕ್ರಂಚ್ ಆರಂಭಿಸಬಾರದೆಂಬ ಒಂದು ಸಾಲಾದರೂ ನಿಮ್ಮ ಲೇಖನದಲ್ಲಿ ಇರಬೇಕಿತ್ತು.

ಎಲ್ಲವನ್ನೂ ಸರಿಯಾಗಿ ಮಾಡಿದವರೂ ಕೈಬಿಡುವ ಒಂದು ಘಟ್ಟವಿದೆ. ಮುಖ ಇಳಿದಿರುತ್ತದೆ, ಭುಜದ ಗೆರೆಗಳು ಕಾಣತೊಡಗಿರುತ್ತವೆ, ಮೇಲಿನ ಎರಡು ಚೌಕಗಳೂ ಮಸುಕಾಗಿ ಮೂಡಿರುತ್ತವೆ. ಹೊಕ್ಕುಳ ಕೆಳಗಿನ ಮಡಿಕೆ ಮಾತ್ರ ಹಾಗೆಯೇ ಇರುತ್ತದೆ. ಪುರುಷರಲ್ಲಿ ಕೆಳಹೊಟ್ಟೆಯ, ಮಹಿಳೆಯರಲ್ಲಿ ಸೊಂಟ ಮತ್ತು ತೊಡೆಗಳ ಕೊಬ್ಬಿನ ಕೋಶಗಳಲ್ಲಿ ಕರಗುವಿಕೆಯನ್ನು ತಡೆಯುವ ಗ್ರಾಹಕಗಳು ಹೆಚ್ಚಿರುವುದರಿಂದ ಅಲ್ಲಿನ ಸಂಗ್ರಹ ಕೊನೆಗೇ ಹೊರಬರುವುದು. ಮನೆಯ ಎಲೆಕ್ಟ್ರಾನಿಕ್ ತೂಕದ ಯಂತ್ರ ತೋರಿಸುವ ಕೊಬ್ಬಿನ ಶೇಕಡಾವಾರು ಆ ಸಮಯದಲ್ಲಿ ಇನ್ನಷ್ಟು ಗೊಂದಲ ಹುಟ್ಟಿಸುತ್ತದೆ, ಏಕೆಂದರೆ ಅದು ದೇಹದಲ್ಲಿ ವಿದ್ಯುತ್ ಹರಿಯುವ ರೀತಿಯಿಂದ ಅಂದಾಜು ಮಾಡುತ್ತದೆ, ನೀರು ಕುಡಿದರೂ ಬೆವರಿದರೂ ಅಂಕಿ ಬದಲಾಗುತ್ತದೆ. ಹೊಕ್ಕುಳ ಮಟ್ಟದಲ್ಲಿ ಬೆಳಗ್ಗೆ ಟೇಪು ಹಿಡಿದು ಅಳೆದು, ವಾರದ ಸರಾಸರಿ ಬರೆದಿಡುವುದು ಅದಕ್ಕಿಂತ ನಂಬಲರ್ಹ.

ಪಡೆದದ್ದನ್ನು ಉಳಿಸಿಕೊಳ್ಳುವುದು ಇದಕ್ಕಿಂತ ಕಠಿಣ, ಮತ್ತು ಪತ್ರಿಕೆಗಳು ಪೂರ್ತಿಯಾಗಿ ಮೌನವಾಗಿರುವುದು ಇಲ್ಲಿಯೇ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಮಾತು ಇಲ್ಲಿ ಅರ್ಧ ಮಾತ್ರ ಸಲ್ಲುತ್ತದೆ. ಒಂದು ದಿನದ ಔತಣದಿಂದ ಆರು ತಿಂಗಳ ಶ್ರಮ ಹಾಳಾಗುವುದಿಲ್ಲ. ಮಾರನೆಯ ದಿನ ತಕ್ಕಡಿಯಲ್ಲಿ ಹೆಚ್ಚಾಗಿ ಕಾಣುವುದು ಬಹುಪಾಲು ನೀರು ಮತ್ತು ಉಪ್ಪಿನ ಆಟ. ಕೆಡಿಸುವುದು ದೇಹದ ನಿಧಾನವಾದ, ಪಟ್ಟುಬಿಡದ ಪ್ರತಿರೋಧ. ಕೊಬ್ಬು ಕುಗ್ಗಿದಂತೆ ಹೊಟ್ಟೆ ತುಂಬಿದೆಯೆಂದು ಮಿದುಳಿಗೆ ಹೇಳುವ ಲೆಪ್ಟಿನ್ ಎಂಬ ಹಾರ್ಮೋನು ಇಳಿಯುತ್ತದೆ, ಹಸಿವನ್ನು ಕೆರಳಿಸುವ ಗ್ರೆಲಿನ್ ಏರುತ್ತದೆ, ಅರಿವಿಲ್ಲದೆಯೇ ನಾವು ದಿನವಿಡೀ ಕಡಿಮೆ ಓಡಾಡತೊಡಗುತ್ತೇವೆ. ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ, 1944–45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರಿಗೆ 24 ವಾರ ಅರೆಹೊಟ್ಟೆ ಆಹಾರ ಕೊಟ್ಟು ಅಭ್ಯಸಿಸಿದರು. ಅವರು ಸುಮಾರು ಕಾಲುಭಾಗ ತೂಕ ಕಳೆದುಕೊಂಡರು. ಅದರೊಂದಿಗೆ ಸದಾ ಚಳಿ, ಸಿಡುಕು, ಖಿನ್ನತೆ, ಎಚ್ಚರವಿರುವಷ್ಟು ಹೊತ್ತೂ ಊಟದ್ದೇ ಧ್ಯಾನ. ಕೆಲವರು ಅಡುಗೆ ಪುಸ್ತಕಗಳನ್ನು ಸಂಗ್ರಹಿಸತೊಡಗಿದರು. ಅವರಿಗೆ ಕೊಡುತ್ತಿದ್ದದ್ದು ದಿನಕ್ಕೆ ಸುಮಾರು 1,600 ಕ್ಯಾಲೊರಿ. ಇಂದು ಪ್ರಚಾರದಲ್ಲಿರುವ ಎಷ್ಟೋ ಡಯಟ್ ಪಟ್ಟಿಗಳು ಅದಕ್ಕಿಂತ ಕಡಿಮೆಯನ್ನು ಸೂಚಿಸುತ್ತವೆ.

ತೀರಾ ತೆಳುವಾಗುವುದರ ಪರಿಣಾಮ ಒಳಗೂ ಆಗುತ್ತದೆ. ಯಾವ ಔಷಧವನ್ನೂ ಬಳಸದ ದೇಹದಾರ್ಢ್ಯ ಪಟುವೊಬ್ಬನನ್ನು ಸ್ಪರ್ಧೆಗೆ ಮುಂಚಿನ ಮತ್ತು ನಂತರದ ಆರಾರು ತಿಂಗಳು ಪರೀಕ್ಷಿಸಿದ ವರದಿಯೊಂದು 2013ರಲ್ಲಿ ಪ್ರಕಟವಾಯಿತು. ಅವನ ದೇಹದ ಕೊಬ್ಬು ಶೇ 14.8ರಿಂದ 4.5ಕ್ಕೆ ಇಳಿಯುವಷ್ಟರಲ್ಲಿ ನಾಡಿಬಡಿತ ನಿಮಿಷಕ್ಕೆ 53ರಿಂದ 27ಕ್ಕೆ ಕುಸಿದಿತ್ತು, ಪುರುಷ ಹಾರ್ಮೋನಾದ ಟೆಸ್ಟೋಸ್ಟೆರಾನ್ ಮೊದಲಿನ ಕಾಲುಭಾಗಕ್ಕೆ ಇಳಿದಿತ್ತು. ಸ್ಪರ್ಧೆ ಮುಗಿದು ಆರು ತಿಂಗಳಿಗೆ ಹಾರ್ಮೋನು ಸರಿಹೋಯಿತು, ಜೊತೆಗೆ ಕೊಬ್ಬೂ ಹಳೆಯ ಮಟ್ಟಕ್ಕೆ ಮರಳಿತು. ವೇದಿಕೆಯ ಮೇಲೆ ನಾವು ನೋಡಿ ಬೆರಗಾಗುವ ದೇಹ ಆ ಪಟುವಿಗೂ ಕಾಯಂ ಆಗಿರಲಿಲ್ಲ. ಮಹಿಳೆಯರಲ್ಲಿ ಅಪಾಯ ಇನ್ನೂ ಬೇಗ ಎದುರಾಗುತ್ತದೆ. ದೇಹಕ್ಕೆ ಸಿಗುವ ಶಕ್ತಿ ಸಾಲದಾದಾಗ ಮುಟ್ಟು ನಿಲ್ಲುತ್ತದೆ, ಸ್ತ್ರೀ ಹಾರ್ಮೋನಾದ ಈಸ್ಟ್ರೋಜನ್ ಕುಸಿದು ಎಲುಬಿನ ಸಾಂದ್ರತೆ ತಗ್ಗುತ್ತದೆ, ಹೀಗೆ ಹೋದ ಎಲುಬಿನ ಬಲ ಪೂರ್ತಿಯಾಗಿ ಮರಳದೇ ಇರಬಹುದು. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಕ್ರೀಡಾಪಟುಗಳ ಶಕ್ತಿಕೊರತೆಯನ್ನು, ಪುರುಷರನ್ನೂ ಸೇರಿಸಿ, ಒಂದು ಪ್ರತ್ಯೇಕ ಆರೋಗ್ಯ ಸಮಸ್ಯೆಯಾಗಿ ಹೆಸರಿಸಿದ್ದು ಇದೇ ಕಾರಣಕ್ಕೆ. ಮುಟ್ಟು ತಪ್ಪುವುದನ್ನು ಶ್ರಮದ ಗುರುತೆಂದು ಹೆಮ್ಮೆಪಡುವ ಯುವತಿಯರಿದ್ದಾರೆ. ಅದು ವೈದ್ಯರ ಬಳಿ ಹೋಗಬೇಕಾದ ಗುರುತು.

ಹಾಗೆಂದು ಉಳಿಸಿಕೊಳ್ಳುವುದು ಅಸಾಧ್ಯವೇನಲ್ಲ. ಮೊದಲಿನಿಂದಲೂ ತೆಳ್ಳಗಿರುವವರು ಹೆಚ್ಚು ಕಷ್ಟವಿಲ್ಲದೆ ಶೇ 12ರ ಆಸುಪಾಸಿನಲ್ಲಿ ಇರಬಲ್ಲರು. ಉಳಿದವರಿಗೆ ತಿಂದದ್ದನ್ನು ಸ್ಥೂಲವಾಗಿಯಾದರೂ ಲೆಕ್ಕವಿಡುವುದು, ದಿನವೂ ಸಾಕಷ್ಟು ನಡೆಯುವುದು, ವಾರಕ್ಕೆ ಮೂರು ನಾಲ್ಕು ಸಲ ಭಾರ ಎತ್ತುವುದು, ಹೆಚ್ಚಿನ ಕೂಟಗಳಲ್ಲಿ ಎರಡನೆಯ ಸಲ ಬಡಿಸಿದ್ದನ್ನು ಬೇಡವೆನ್ನುವುದು, ಇವೆಲ್ಲ ಮುಗಿಯುವ ದಿನಾಂಕವಿಲ್ಲದ ಕೆಲಸಗಳು. ವರ್ಷದಲ್ಲಿ ಕೆಲವು ತಿಂಗಳು ಚೌಕಗಳು ಸ್ಪಷ್ಟವಾಗಿದ್ದು ಉಳಿದ ತಿಂಗಳು ಮಸುಕಾದರೂ ಪರವಾಗಿಲ್ಲವೆಂದು ಒಪ್ಪಿಕೊಂಡವರೇ ಬಹುಕಾಲ ಬಾಳಿಸುತ್ತಾರೆಂಬುದು ನನ್ನ ಅನುಭವ.

ನೀವು ಲೇಖನದೊಂದಿಗೆ ಅಚ್ಚುಮಾಡಿದ ಚಿತ್ರದ ಬಗ್ಗೆಯೂ ಎರಡು ಮಾತು. ಇಂಥ ಚಿತ್ರಗಳಿಗೆ ಮೇಲಿನಿಂದ ಬೆಳಕು ಬಿಡುತ್ತಾರೆ, ಪ್ರತಿಯೊಂದು ಉಬ್ಬಿನ ಕೆಳಗೂ ನೆರಳು ಬೀಳಲೆಂದು. ಮೈಗೆ ಎಣ್ಣೆ ಸವರುತ್ತಾರೆ, ಕ್ಯಾಮೆರಾ ಮುಂದೆ ನಿಲ್ಲುವ ಮುನ್ನ ಸ್ನಾಯು ಉಬ್ಬುವಂತೆ ವ್ಯಾಯಾಮ ಮಾಡಿಸುತ್ತಾರೆ, ಉಸಿರು ಬಿಟ್ಟು ಹೊಟ್ಟೆ ಬಿಗಿಹಿಡಿಸುತ್ತಾರೆ. ಕೆಲವರು ಮುಂಚಿನ ಒಂದೆರಡು ದಿನ ನೀರನ್ನೇ ಬಿಡುತ್ತಾರೆ, ಇನ್ನು ಕೆಲವರು ಮೂತ್ರವರ್ಧಕ ಮಾತ್ರೆ ನುಂಗಿ ಹೃದಯದ ಲಯಕ್ಕೇ ಆಪತ್ತು ತಂದುಕೊಳ್ಳುತ್ತಾರೆ. ಅದೇ ವ್ಯಕ್ತಿ ಅದೇ ಸಂಜೆ ಮನೆಯಲ್ಲಿ, ಸಾಮಾನ್ಯ ಬೆಳಕಿನಲ್ಲಿ, ಊಟ ಮಾಡಿ ಕುಳಿತಾಗ ಹೇಗೆ ಕಾಣುತ್ತಾನೆಂಬುದನ್ನು ಯಾರೂ ಅಚ್ಚುಮಾಡುವುದಿಲ್ಲ.

ಲೇಖನದ ಶೀರ್ಷಿಕೆಯಡಿಯಲ್ಲಿ ‘ಆರೋಗ್ಯದ ಕನ್ನಡಿ’ ಎಂದು ಬರೆದಿದ್ದೀರಿ. ಇದನ್ನು ಒಪ್ಪುವುದು ಕಷ್ಟ. ಮಧುಮೇಹ, ಹೃದ್ರೋಗಗಳಿಗೆ ಹೆಚ್ಚು ನಂಟಿರುವುದು ಕರುಳು, ಯಕೃತ್ತುಗಳ ಸುತ್ತ ಶೇಖರವಾಗುವ ಒಳಕೊಬ್ಬಿಗೆ. ಚೌಕಗಳನ್ನು ಮುಚ್ಚುವುದು ಚರ್ಮದಡಿಯ ಕೊಬ್ಬು. ಸುಮೊ ಕುಸ್ತಿಪಟುಗಳು ಆಡುತ್ತಿರುವಷ್ಟು ಕಾಲ ಅವರ ಅಪಾರ ಕೊಬ್ಬಿನ ಬಹುಭಾಗ ಚರ್ಮದಡಿಯಲ್ಲಿದ್ದು, ಒಳಕೊಬ್ಬು ಅವರ ಗಾತ್ರಕ್ಕೆ ಹೋಲಿಸಿದರೆ ಕಡಿಮೆಯೇ ಇರುತ್ತದೆ. ಅತಿಭಾರದ ವರ್ಗದ ವೇಟ್‌ಲಿಫ್ಟರ್‌ಗಳ ಹೊಟ್ಟೆಯ ಸ್ನಾಯುಗಳು ಚಿತ್ರದ ಮಾದರಿಗಳಿಗಿಂತ ಎಷ್ಟೋ ಬಲಿಷ್ಠ, ಆದರೆ ಒಂದು ಚೌಕವೂ ಕಾಣುವುದಿಲ್ಲ. ಆರೋಗ್ಯಕ್ಕೆ ಸೊಂಟದ ಸುತ್ತಳತೆ ಎತ್ತರದ ಅರ್ಧದೊಳಗೆ ಇದ್ದರೆ ಹೆಚ್ಚಿನವರಿಗೆ ಸಾಕು, ಮತ್ತು ಅದಕ್ಕೆ ಶೇ 11ರ ತಪಸ್ಸು ಬೇಕಿಲ್ಲ. ಸಿಕ್ಸ್ ಪ್ಯಾಕ್ ಚೆಲುವಿಗಾಗಿ ಬೇಕೆನ್ನುವವರನ್ನು ನಾನು ಹೀಗಳೆಯುವುದಿಲ್ಲ. ಚೆಲುವೂ ಒಂದು ಗುರಿಯೇ, ಅದನ್ನು ಆ ಹೆಸರಿನಿಂದಲೇ ಕರೆದರಾಯಿತು.

ಇಷ್ಟನ್ನು ಹೇಳದೆ ಬಿಟ್ಟರೆ ಆ ಜಾಗವನ್ನು ಮಾರಾಟಗಾರರು ತುಂಬುತ್ತಾರೆ. 1933ರಲ್ಲಿ ತೂಕ ಇಳಿಸುವ ಔಷಧವಾಗಿ ಬಂದ ಡೈನೈಟ್ರೋಫಿನಾಲ್ ಎಂಬ ರಾಸಾಯನಿಕ ದೇಹದ ತಾಪವನ್ನೇ ಏರಿಸಿ ಜನರನ್ನು ಕೊಂದದ್ದರಿಂದ 1938ರಲ್ಲಿ ಅಮೆರಿಕ ಅದನ್ನು ಮನುಷ್ಯರ ಸೇವನೆಗೆ ಯೋಗ್ಯವಲ್ಲವೆಂದು ನಿಷೇಧಿಸಿತು. ಅದು ಇಂದಿಗೂ ಡಿಎನ್‌ಪಿ ಎಂಬ ಹೆಸರಿನಲ್ಲಿ ಅಂತರ್ಜಾಲದಲ್ಲಿ ಮಾರಾಟವಾಗುತ್ತಿದೆ, ಜನ ಸಾಯುತ್ತಲೂ ಇದ್ದಾರೆ. ಸೊಂಟಕ್ಕೆ ಕಟ್ಟಿಕೊಂಡು ಕುಳಿತಲ್ಲೇ ಸಿಕ್ಸ್ ಪ್ಯಾಕ್ ಪಡೆಯಿರೆಂದು ವಿದ್ಯುತ್ ಬೆಲ್ಟುಗಳನ್ನು ಮಾರುತ್ತಿದ್ದ ಮೂರು ಬ್ರ್ಯಾಂಡುಗಳ ಮೇಲೆ ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2002ರಲ್ಲೇ ಸುಳ್ಳು ಜಾಹೀರಾತಿನ ಮೊಕದ್ದಮೆ ಹೂಡಿತ್ತು. ಬೆಲ್ಟುಗಳು ಹೆಸರು ಬದಲಿಸಿಕೊಂಡು ಬರುತ್ತಲೇ ಇವೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಮುಂದೆ ಇಂಥ ಲೇಖನಗಳನ್ನು ಪ್ರಕಟಿಸುವಾಗ ಚಿತ್ರದಲ್ಲಿರುವ ವ್ಯಕ್ತಿ ಎಲ್ಲಿಂದ ಆರಂಭಿಸಿದ, ಎಷ್ಟು ತಿಂಗಳು ತೆಗೆದುಕೊಂಡ, ಚಿತ್ರ ತೆಗೆದ ಆರು ತಿಂಗಳ ನಂತರ ಹೇಗಿದ್ದಾನೆ ಎಂಬ ಮೂರು ವಿವರಗಳನ್ನು ಚಿತ್ರದ ಕೆಳಗೇ ಕೊಡಿ. ಪುರವಣಿಯ ಶಾಲಾಮಕ್ಕಳ ಪುಟದಲ್ಲಿ ಈ ವಿಷಯವನ್ನು ದಯವಿಟ್ಟು ತರಬೇಡಿ. ಬೆಳೆಯುತ್ತಿರುವ ದೇಹಗಳಿಗೆ ಕೊಬ್ಬು ಇಳಿಸುವ ಗುರಿ ಕೊಡುವುದು ಯಾವ ರೀತಿಯಿಂದಲೂ ಸರಿಯಲ್ಲ. ಮೂವತ್ತು ದಿನಗಳ ಮಾತನ್ನು ಒಂದು ತಿದ್ದುಪಡಿಯ ಮೂಲಕ ಹಿಂದೆಗೆದುಕೊಂಡರೆ ಇನ್ನೂ ಒಳ್ಳೆಯದು.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ದೈಹಿಕ ಶಿಕ್ಷಣ ಬೋಧಕ